ಶಾರ್ಕಿಗೆ ಹಾಜರಾತಿ ಕೊರತೆ

ರ್ಯಾಂಕ್ ಬಂದವರು ಊರು ಬಿಟ್ಟು ಹೋಗುತ್ತಾರೆ. ಬರದವರು ರಾಜಾಜಿನಗರದಲ್ಲೇ ಉಳಿದು ಕಂಡಕಂಡದ್ದಕ್ಕೆಲ್ಲ ರ್ಯಾಂಕ್ ಕೊಡುತ್ತಾರೆ.

ನಮ್ಮ ರ್ಯಾಂಕ್ ರಾಯರು ಈ ಎರಡನೆಯ ಪಂಗಡ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೆಯ ದಿನ ಎಣ್ಣೆ ಹಚ್ಚಿ ಬೈತಲೆ ತೆಗೆದ ಹುಡುಗ, ಎರಡು ಜಡೆಯ ಹುಡುಗಿ, ಅವರ ಬಾಯಿಗೆ ಲಾಡು ತುರುಕುವ ಅಪ್ಪ ಅಮ್ಮ ಪೇಪರಿನಲ್ಲಿ ಕಾಣಿಸಿಕೊಳ್ಳುತ್ತಿದ್ದ ಕಾಲದಲ್ಲಿ ಓದಿದವರು. ರಾಯರಿಗೆ ಬಂದದ್ದು ಸೆಕೆಂಡ್ ಕ್ಲಾಸು. ಲಾಡು ಬರಲಿಲ್ಲ, ಪೇಪರಿನವರೂ ಬರಲಿಲ್ಲ. ಆವತ್ತು ಕೈತಪ್ಪಿದ ರ್ಯಾಂಕನ್ನು ಅವರು ಇವತ್ತಿಗೂ ಊರಿಗೆಲ್ಲ ಹಂಚುತ್ತಿದ್ದಾರೆ. ಮದುವೆ ಮನೆಯಲ್ಲಿ ಕೈತೊಳೆಯುವಾಗಲೇ, "ಈ ಸೀಸನ್‌ನಲ್ಲಿ ಇವರ ಬಿಸಿಬೇಳೆಬಾತ್ ನಾಲ್ಕನೇದು" ಎಂದು ಘೋಷಿಸುತ್ತಾರೆ. ತಿಥಿ ಊಟದ ವಡೆಯನ್ನೂ ಬಿಟ್ಟವರಲ್ಲ; ಸತ್ತವರ ಮೇಲಿನ ಗೌರವಕ್ಕೆ ಅಲ್ಲಿ ಒಂದೆರಡು ಗ್ರೇಸ್ ಮಾರ್ಕ್ಸ್ ಸೇರಿಸುತ್ತಾರೆ, ಅಷ್ಟೆ.

ಇಂಥವರು ಬಸವೇಶ್ವರನಗರದಲ್ಲಿ ಹಾವನೂರು ಸರ್ಕಲ್ಲಿಗೊಬ್ಬರು, ವಿಜಯನಗರದಲ್ಲಿ ಮಾರುತಿ ಮಂದಿರದ ಕಡೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನವರಂಗ್ ಕಡೆಯವರು. ಸಂಜೆ ವಾಕಿಂಗ್ ಮುಗಿಸಿ ದರ್ಶಿನಿಯ ಎತ್ತರದ ಸ್ಟೀಲ್ ಟೇಬಲ್ಲಿನ ಸುತ್ತ ಬೈ ಟು ಕಾಫಿ ಹಿಡಿದು ನಿಂತರೆಂದರೆ ಮೌಲ್ಯಮಾಪನ ಕೇಂದ್ರ ಶುರುವಾಯಿತೆಂದೇ ಅರ್ಥ. ಉಳಿದ ಪರೀಕ್ಷಕರೆಂದರೆ ಇಂಡಸ್ಟ್ರಿಯಲ್ ಟೌನಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದವರು, ಬಿಎಂಟಿಸಿಯ ನಿವೃತ್ತ ಕಂಡಕ್ಟರು, ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರಾಗಿದ್ದವರು, ಕೆಂಗೇರಿ ಉಪನಗರದಿಂದ ಮಗಳ ಮನೆಗೆಂದು ಬಂದು ನಮ್ಮ ಜೊತೆ ಸೇರುವವರು ಮತ್ತು ಪಿಯು ಕಾಲೇಜಿನಲ್ಲಿ ಬಯಾಲಜಿ ಹೇಳಿಕೊಡುತ್ತಿದ್ದ ಮೇಡಂ. ಇವರೆಲ್ಲರ ಪೈಕಿ ನಿಜವಾಗಿ ಉತ್ತರಪತ್ರಿಕೆ ತಿದ್ದಿದವರು ಮೇಡಂ ಒಬ್ಬರೇ. ಆದ್ದರಿಂದಲೇ ಅವರಿಗೆ ಈ ಆಟದಲ್ಲಿ ಉತ್ಸಾಹ ಕಡಿಮೆ.

ಒಂದು ಭಾನುವಾರ ಟೀವಿಯಲ್ಲಿ 'ಅನಕೊಂಡ' ಇನ್ನೊಮ್ಮೆ ಬಂತು. ಮಾರನೆಯ ಸಂಜೆ ರಾಯರು ಡೈರಿ ತೆರೆದು ಗೆರೆ ಎಳೆದರು. "ಪ್ರಾಣಿ ಬಂದು ಮನುಷ್ಯನ ಮೇಲೆ ಬೀಳೋ ಪಿಕ್ಚರ್‌ಗಳು. ಟಾಪ್ ಟೆನ್. ಇವತ್ತೇ ಮುಗಿಸೋಣ."

ಇವತ್ತೇ ಮುಗಿಸೋಣ ಎಂದದ್ದು ಯಾವುದೂ ಆ ಟೇಬಲ್ಲಿನಲ್ಲಿ ಮುಗಿದದ್ದಿಲ್ಲ.

ಮೊದಲು ಬಂದದ್ದು, ಬರಲೇಬೇಕಾದದ್ದು, 1975ರ 'ಜಾಸ್'. ಪ್ರೆಸ್ಸಿನವರು ಸ್ಪೀಲ್‌ಬರ್ಗ್ ಪರ ವಕಾಲತ್ತು ಹಿಡಿದರು. ಯಾಂತ್ರಿಕ ಶಾರ್ಕಿಗೆ ಬ್ರೂಸ್ ಅಂತ ಹೆಸರಿಟ್ಟಿದ್ದು, ಉಪ್ಪುನೀರಿಗೆ ಇಳಿಸಿದ ಮೇಲೆ ಅದು ಪದೇ ಪದೇ ಕೆಟ್ಟು ಕೂತಿದ್ದು, 55 ದಿನದ ಶೂಟಿಂಗ್ 159 ದಿನಕ್ಕೆ ಎಳೆದದ್ದು, ಶಾರ್ಕ್ ತೋರಿಸಲಾಗದೆ ಬರೀ ನೀರು, ಬರೀ ಸಂಗೀತ ಇಟ್ಟುಕೊಂಡೇ ಜನರನ್ನು ನಡುಗಿಸಿದ್ದು ಎಲ್ಲವನ್ನೂ ಪ್ರೂಫ್ ತಿದ್ದುವವರ ಶ್ರದ್ಧೆಯಿಂದ ವಿವರಿಸಿದರು.

ರಾಯರು ಕನ್ನಡಕ ಮೇಲೇರಿಸಿದರು. "ಅಂದ್ರೆ ಶಾರ್ಕ್ ನೆಟ್ಟಗೆ ಮುಖ ತೋರಿಸೋದು ಎಷ್ಟು ಹೊತ್ತಿಗೆ?"

"ಒಂದು ಗಂಟೆ ದಾಟಿದ ಮೇಲೆ."

"ಎಪ್ಪತ್ತೈದು ಪರ್ಸೆಂಟ್ ಹಾಜರಾತಿ ಇಲ್ದೆ ಹಾಲ್ ಟಿಕೆಟ್ ಹೆಂಗ್ರೀ ಕೊಡ್ತೀರಾ?"

"ಸ್ವಾಮಿ, ಬರದೇ ಇದ್ರೂ ಬಂದಂಗಿರುತ್ತೆ, ಅದೇ ಅದರ ಹೆಚ್ಚುಗಾರಿಕೆ."

"ಹಂಗಂತ ಎಲ್ಲಾ ಹುಡುಗ್ರೂ ಹೇಳ್ತಾರೆ" ಎಂದು ರಾಯರು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಎರಡನೆಯದು ಹಿಚ್‌ಕಾಕ್‌ನ 'ದಿ ಬರ್ಡ್ಸ್', 1963. ಹಕ್ಕಿಗಳು ಯಾಕೆ ಮನುಷ್ಯರ ಮೇಲೆ ಬೀಳುತ್ತವೆ ಎಂಬುದಕ್ಕೆ ಆ ಚಿತ್ರದಲ್ಲಿ ಕೊನೆಯವರೆಗೂ ಕಾರಣವಿಲ್ಲ. ಹಿನ್ನೆಲೆ ಸಂಗೀತವೂ ಇಲ್ಲ, ಯಂತ್ರದಿಂದ ಹೊರಡಿಸಿದ ಹಕ್ಕಿಯ ಸದ್ದು ಮಾತ್ರ. "ಉತ್ತರ ಸರಿ ಇದೆ, ಸ್ಟೆಪ್ಸ್ ಬರ್ದಿಲ್ಲ. ಅರ್ಧ ಮಾರ್ಕ್ಸು" ಎಂದರು ರಾಯರು. ಕಂಡಕ್ಟರು ಇನ್ನೂ ಮೂಲಭೂತವಾದ ಆಕ್ಷೇಪ ಎತ್ತಿದರು: "ಅಲ್ಲಾ ಸಾರ್, ಕಾಗೆ ಬಂದ್ರೆ ಹೆದರೋದು ಯಾವ ನ್ಯಾಯ? ನಮ್ಮಲ್ಲಿ ತಿಥಿ ದಿನ ಪಿಂಡ ಇಟ್ಟಾಗ ಕಾಗೆ ಬರದೇ ಇದ್ರೆ ಅದು ಹಾರರ್ರು. ಮನೆಮಂದಿಯೆಲ್ಲ ಆಕಾಶ ನೋಡ್ಕೊಂಡು, ಅಪ್ಪಂಗೆ ಏನ್ ಆಸೆ ಉಳ್ಕೊಂಡಿತ್ತೋ ಅಂತ ನಡುಗ್ತಾ ನಿಂತಿರ್ತೀವಿ." ಇದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಹಿಚ್‌ಕಾಕ್ ಎರಡು ಸ್ಥಾನ ಕೆಳಗಿಳಿದ.

ಆಗ ಮೇಡಂ ಮೊದಲ ಬಾರಿಗೆ ಬಾಯಿಬಿಟ್ಟರು. 'ಬರ್ಡ್ಸ್' ನಾಯಕಿ ಟಿಪ್ಪಿ ಹೆಡ್ರನ್ ಮೇಲೆ ಒಂದು ದೃಶ್ಯಕ್ಕಾಗಿ ಐದು ದಿನ ಜೀವಂತ ಹಕ್ಕಿಗಳನ್ನು ಎಸೆದರು. ಆಕೆ ಅಷ್ಟಕ್ಕೇ ಬುದ್ಧಿ ಕಲಿಯದೆ ಮುಂದೆ ಗಂಡನ ಜೊತೆ ಸೇರಿ, ಸಿಂಹ ಹುಲಿಗಳನ್ನೆಲ್ಲ ಗುಂಪುಗುಂಪಾಗಿ ಸಾಕಿ 'ರೋರ್' ಎಂಬ ಚಿತ್ರ ಮಾಡಿದಳು. 1981ರಲ್ಲಿ ಬಿಡುಗಡೆಯಾದ ಅದರ ಚಿತ್ರೀಕರಣದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಕೆಗೂ ಏಟು ಬಿತ್ತು, ಮಗಳಿಗೂ ಬಿತ್ತು. "ಸಿನಿಮಾಗಳನ್ನ ಬಿಡಿ ರಾಯರೇ, ಆಯಮ್ಮನಿಗೆ ಕೊಡಿ ರ್ಯಾಂಕು."

"ಕತೆ ಹೆಂಗಿದೆ ಮೇಡಂ?"

"ಕತೆ ಅಂಥಾದ್ದೇನಿಲ್ಲ."

"ಥಿಯರಿ ಫೇಲು, ಪ್ರಾಕ್ಟಿಕಲ್‌ನಲ್ಲಿ ಔಟ್ ಆಫ್ ಔಟು" ಎಂದು ರಾಯರು ಬರೆದುಕೊಂಡರು.

ಆಮೇಲೆ ಕೆಲಸ ಚುರುಕಾಯಿತು. 'ಶಾರ್ಕ್‌ನೇಡೊ' ಚಿತ್ರದ ಶಾರ್ಕುಗಳು ಸಮುದ್ರ ಬಿಟ್ಟು ಸುಂಟರಗಾಳಿಯಲ್ಲಿ ಹಾರಿಬಂದದ್ದರಿಂದ, ಬೇರೆ ಸೆಂಟರಿನಲ್ಲಿ ಪರೀಕ್ಷೆ ಬರೆದ ಆರೋಪದ ಮೇಲೆ ಅನರ್ಹ. 'ಕೊಕೇನ್ ಬೇರ್' ಕರಡಿ ಮಾದಕ ಸೇವಿಸಿ ಪರೀಕ್ಷೆಗೆ ಹಾಜರಾದ ಕಾರಣ ಡಿಬಾರ್. 'ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್' ಮಾತ್ರ ಗೌರವದಿಂದ ಒಳಗೆ ಬಂತು. 1898ರಲ್ಲಿ ಪೂರ್ವ ಆಫ್ರಿಕಾದ ಸಾವೊದಲ್ಲಿ ಎರಡು ಸಿಂಹಗಳು ರೈಲ್ವೆ ಕೂಲಿಗಳನ್ನು ಹಿಡಿದು ತಿಂದ ನಿಜ ಕತೆ. ಕೂಲಿಗಳಲ್ಲಿ ಬಹಳ ಜನ ನಮ್ಮ ದೇಶದವರೇ. ಸಾಲದ್ದಕ್ಕೆ ಓಂ ಪುರಿ ಬೇರೆ ಇದ್ದಾರೆ. ಎರಡೇ ಸಿಂಹಗಳ ಭಯಕ್ಕೆ ಸೇತುವೆ ಕೆಲಸವೇ ನಿಂತುಹೋಯಿತು ಎಂದು ಪ್ರೆಸ್ಸಿನವರು ಕಣ್ಣರಳಿಸಿದರು. ಕಂಡಕ್ಟರು ಅರಳಿಸಲಿಲ್ಲ. "ಒಂದು ಸಿಂಹಾನೂ ಇಲ್ದೆ ನಮ್ಮೂರಲ್ಲಿ ಎಷ್ಟು ಫ್ಲೈಓವರ್ ನಿಂತಿವೆ, ಅದಕ್ಕೇನಂತೀರಾ?"

'ಅನಕೊಂಡ' ಸರದಿ ಬಂದಾಗ ಹೆಡ್ ಗುಮಾಸ್ತರು ಲೋಟ ಕೆಳಗಿಟ್ಟರು. ಹಾವು ಖಳನಾಯಕ ಜಾನ್ ವಾಯ್ಟ್‌ನನ್ನು ಇಡಿಯಾಗಿ ನುಂಗಿ, ಆಮೇಲೆ ಹೊರಗೆ ಕಕ್ಕುತ್ತದೆ. ಕಕ್ಕಿಸಿಕೊಂಡವನು ಕಣ್ಣು ಬೇರೆ ಹೊಡೆಯುತ್ತಾನೆ. "ಇದನ್ನ ನಂಬಕ್ಕಾಗಲ್ಲ ಸಾರ್. ಸರ್ವಿಸ್ ಉದ್ದಕ್ಕೂ ನೋಡಿದೀನಿ. ನುಂಗಿದ್ದನ್ನ ವಾಪಸ್ ಕೊಟ್ಟಿದ್ದು ಒಂದು ಕೇಸೂ ಇಲ್ಲ." ಅನುಭವದ ಮಾತಿಗೆ ಎದುರಾಡುವಂತಿರಲಿಲ್ಲ. ಆ ಚಿತ್ರಕ್ಕೆ ವಾಸ್ತವಿಕತೆಯಲ್ಲಿ ಸೊನ್ನೆ ಬಿತ್ತು.

ಇಂಗ್ಲಿಷ್ ಚಿತ್ರಗಳನ್ನು ನೋಡಿದ್ದೆಲ್ಲಿ ಎಂಬ ಉಪಕತೆಗೂ ಒಂದು ಸಂಜೆ ಹೋಯಿತು. ನವರಂಗ್‌ನಲ್ಲಿ ರಾಜಕುಮಾರ್, ಮಾಗಡಿ ರಸ್ತೆಯ ಟಾಕೀಸುಗಳಲ್ಲೂ ನಮ್ಮವರೇ. ಶಾರ್ಕು ಮೊಸಳೆ ನೋಡಬೇಕೆಂದರೆ ಬಸ್ಸು ಹತ್ತಿ ದಂಡಿನ ಕಡೆಗೆ, ಪ್ಲಾಜಾ, ಲಿಡೊ, ರೆಕ್ಸ್‌ಗೆ ಹೋಗಬೇಕಿತ್ತು. ಪ್ಲಾಜಾ ಇದ್ದ ಜಾಗ ಮೆಟ್ರೋಗೆ ಹೋಯಿತು, ಲಿಡೊ ಮಾಲ್ ಆಯಿತು, 2018ರ ಕೊನೆಗೆ ರೆಕ್ಸ್ ಬಾಗಿಲು ಹಾಕಿತು. ಶಾರ್ಕುಗಳನ್ನೇ ನುಂಗಿದ ಈ ದೊಡ್ಡ ಪ್ರಾಣಿಗೆ ಎಷ್ಟನೇ ರ್ಯಾಂಕ್ ಎಂದು ಕೇಳಿದ್ದಕ್ಕೆ ರಾಯರು, "ಔಟ್ ಆಫ್ ಸಿಲಬಸ್" ಎಂದರು.

ನಿಜವಾದ ಜಗಳ ಶುರುವಾದದ್ದು ನಮ್ಮ ಚಿತ್ರಗಳಿಗೆ ಬಂದಾಗ. ಕಂಡಕ್ಟರು ಏರು ದನಿಯಲ್ಲಿ 'ನಾಗರಹಾವು' ಎಂದರು. 1972ರ ಪುಟ್ಟಣ್ಣನವರ ಚಿತ್ರದಲ್ಲಿ ಬುಸುಗುಡುವುದು ರಾಮಾಚಾರಿಯೇ ಹೊರತು ಹಾವಲ್ಲ ಎಂದು ಎಲ್ಲರೂ ತಿಳಿಸಿ ಹೇಳಬೇಕಾಯಿತು. ಹಾಗಿದ್ದರೆ 2016ರದ್ದು ಎಂದರು. ಅದರಲ್ಲಿ ಹಾವಿದೆ, ಬೇಕಾದಷ್ಟು ದೊಡ್ಡದೇ ಇದೆ. ಆದರೆ 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ತೆರೆಗೆ ತಂದಿದ್ದರಿಂದ, ಯಜಮಾನರನ್ನು ನೋಡುವುದೋ ಹಾವನ್ನು ನೋಡುವುದೋ ಎಂಬ ಗೊಂದಲದಲ್ಲಿ ಹೆದರಲು ಪುರುಸೊತ್ತಾಗಲಿಲ್ಲ ಎಂದು ಅವರೇ ಒಪ್ಪಿಕೊಂಡರು.

ಮುಂದಿನದು 'ಈಗ'. 2012ರಲ್ಲಿ ರಾಜಮೌಳಿ ಒಂದು ನೊಣವನ್ನು ಬಿಟ್ಟು ನಮ್ಮ ಸುದೀಪ್ ಅವರ ನಿದ್ದೆ, ನೆಮ್ಮದಿ, ಕೊನೆಗೆ ಪ್ರಾಣವನ್ನೂ ತೆಗೆಸಿದರು. ನೊಣ ಪ್ರಾಣಿಯೋ ಅಲ್ಲವೋ ಎಂಬ ತಕರಾರನ್ನು ಮೇಡಂ ಒಂದೇ ಮಾತಿನಲ್ಲಿ ಮುಗಿಸಿದರು: ಗಿಡ ಅಲ್ಲವಲ್ಲ, ಪ್ರಾಣಿಯೇ. ಹೆಡ್ ಗುಮಾಸ್ತರ ತಕರಾರು ಬೇರೆ ಥರದ್ದು. "ಶಿವಮೊಗ್ಗದ ಹುಡುಗನಿಗೆ ಆ ಪಾಟಿ ಹಿಂಸೆ ಕೊಟ್ಟ ನೊಣಕ್ಕೆ ರಾಜಾಜಿನಗರದಲ್ಲಿ ನಿಂತ್ಕೊಂಡು ರ್ಯಾಂಕ್ ಕೊಡ್ತೀರಾ? ಕನ್ನಡಿಗರೇನ್ರೀ ನೀವು?" ರಾಯರು ಬೆವರೊರೆಸಿಕೊಂಡರು. ನೊಣಕ್ಕೆ ರ್ಯಾಂಕ್, ಸುದೀಪ್‌ಗೆ ವಿಶೇಷ ಬಹುಮಾನ ಎಂದು ರಾಜಿಯಾಯಿತು.

ಈ ಗದ್ದಲದಲ್ಲೇ ಪ್ರೆಸ್ಸಿನವರು ಒಂದು ಪತ್ತೇದಾರಿಕೆ ಮಂಡಿಸಿದರು. ನಾಯಿ ತನ್ನ ಒಡೆಯನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುವ 'ತೇರಿ ಮೆಹರ್‌ಬಾನಿಯಾ' ಮೂಲತಃ ಕನ್ನಡದ್ದು, ಶಂಕರ್‌ನಾಗ್ ಅವರ 'ತಾಳಿಯ ಭಾಗ್ಯ'. ಅದನ್ನು ಹಿಂದಿಯಲ್ಲಿ ನಿರ್ದೇಶಿಸಿದ ವಿಜಯ ರೆಡ್ಡಿಯವರೇ ನಮ್ಮ 'ಗಂಧದ ಗುಡಿ'ಯ ವಿಜಯ್. 1983ರ 'ಭಕ್ತ ಪ್ರಹ್ಲಾದ'ವೂ ಅವರದೇ. "ಆನೆ, ನಾಯಿ, ನರಸಿಂಹ, ಮೂರೂ ಒಬ್ಬರ ಕೈಯಲ್ಲೇ ಪಳಗಿವೆ ಸ್ವಾಮಿ!"

ನರಸಿಂಹ ಎಂಬ ಹೆಸರು ಬಿದ್ದದ್ದೇ ಟೇಬಲ್ಲು ತಣ್ಣಗಾಯಿತು. ಕಂಬ ಸೀಳಿ, ಹೊಸಿಲಿನ ಮೇಲೆ, ಉಗುರಿನಿಂದ. ಇದಕ್ಕಿಂತ ದೊಡ್ಡ ಆಕ್ರಮಣ ಯಾವ ಹಾಲಿವುಡ್ಡಿನಲ್ಲಿದೆ? ಸಾಯುವವರು ರಾಜಕುಮಾರ್, ಪಕ್ಕದಲ್ಲಿ ಕೈಮುಗಿದು ನಿಂತವರು ಪುಟ್ಟ ಪುನೀತ್. ಅರ್ಧ ಮಾತ್ರ ಪ್ರಾಣಿ ಎಂಬ ತಾಂತ್ರಿಕ ತೊಡಕನ್ನು ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ರಾಯರು ಚಪ್ಪಲಿ ಬಿಟ್ಟು ನಿಂತು ತೀರ್ಪು ಕೊಟ್ಟರು. "ಪರೀಕ್ಷಾ ಮಂಡಳಿಗೇ ರ್ಯಾಂಕ್ ಕೊಡಕ್ಕಾಗಲ್ಲ."

ಆ ಸಂಜೆಯೇ ಅವರ ಬಾಯಿಂದ ಒಂದು ಸಿದ್ಧಾಂತವೂ ಹೊರಬಿತ್ತು. "ಅವರ ಪ್ರಾಣಿಗೆ ಹಸಿವು, ನಮ್ಮ ಪ್ರಾಣಿಗೆ ಸೇಡು. ಅವರ ಶಾರ್ಕ್ ಸಿಕ್ಕಿದವರನ್ನ ತಿನ್ನುತ್ತೆ. ನಮ್ಮ ನೊಣ, ನಮ್ಮ ನಾಯಿ, ನಮ್ಮ ಹಾವು ತಪ್ಪು ಮಾಡಿದವನ ಮನೆ ವಿಳಾಸ ಹುಡುಕ್ಕೊಂಡು ಹೋಗಿ ತೀರಿಸ್ಕೊಳ್ಳುತ್ತೆ. ಅದು ಸಿಬಿಎಸ್‌ಇ, ಇದು ಸ್ಟೇಟ್ ಸಿಲಬಸ್. ಒಂದೇ ಪಟ್ಟಿಯಲ್ಲಿ ಹೆಂಗ್ರೀ ಹಾಕೋದು?" ನಾವು ತಲೆದೂಗಿದೆವು. ಒಂದೇ ಪಟ್ಟಿಯಲ್ಲಿ ಹಾಕಿದವರು ಅವರೇ ಎಂದು ಮೇಡಂ ನೆನಪಿಸಿದರು.

ಇಷ್ಟಾದರೂ ಕನ್ನಡದ ಪಾಲು ಕಡಿಮೆಯಾಯಿತೆಂದು ಪ್ರೆಸ್ಸಿನವರಿಗೆ ಸಮಾಧಾನವಿಲ್ಲ. ತೇಜಸ್ವಿಯವರು ಕೆನೆತ್ ಆಂಡರ್ಸನ್ ಬರಹಗಳನ್ನು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಸರಣಿಯ 'ಜಾಲಹಳ್ಳಿಯ ಕುರ್ಕ' ಹಿಡಿದು ಬಂದರು. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ನೇರ ಚಿರತೆಯ ಊರಿನಲ್ಲೇ ಇಳಿಯಬಹುದು. ಇತ್ತ ಮಾಗಡಿ ಕಡೆಯದು ಬೇಕೆಂದರೆ 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಇದೆ. ಸಿನಿಮಾ ಅಲ್ಲವಲ್ಲ ಎಂದದ್ದಕ್ಕೆ, "ಗ್ರಾಮೀಣ ಕೋಟಾದಲ್ಲಿ ತಗೊಳ್ಳಿ" ಎಂದರು. ಆಂಡರ್ಸನ್ ಬರೆದದ್ದು ಇಂಗ್ಲಿಷಿನಲ್ಲಿ, ನಾವು ಓದಿದ್ದು ತೇಜಸ್ವಿಯವರಲ್ಲಿ. ಹಾಗಾದರೆ ಈ ಚಿರತೆಗೆ ಕನ್ನಡ ಮಾಧ್ಯಮದ ಕೋಟಾ ಸಿಗುತ್ತದೋ ಇಲ್ಲವೋ ಎಂಬ ವಾದ ಕಾಫಿ ಆರಿದ ಮೇಲೂ ಆರಲಿಲ್ಲ.

ಚಿರತೆಯ ಮಾತಿಗೆ ಕೆಂಗೇರಿಯವರು ಮೊಬೈಲು ತೆಗೆದರು. 2022ರ ಡಿಸೆಂಬರಿನಲ್ಲಿ ತುರಹಳ್ಳಿ ಕಾಡಿನ ಅಂಚಿನಲ್ಲಿ, ಕೆಂಗೇರಿಯ ಆಸುಪಾಸಿನಲ್ಲಿ ಚಿರತೆ ಓಡಾಡಿ ಅರಣ್ಯ ಇಲಾಖೆಯವರು ಹುಡುಕಾಡಿದ ಕಾಲದ ವಿಡಿಯೊವನ್ನು ಅವರು ಇನ್ನೂ ಅಳಿಸಿರಲಿಲ್ಲ. ಕತ್ತಲಲ್ಲಿ ಏನೋ ರಸ್ತೆ ದಾಟಿದಂತಿತ್ತು. ರಾಯರು ಎರಡು ಸಲ ನೋಡಿದರು.

"ಲೈಟಿಂಗ್ ಸಾಲದು. ಎಂಟ್ರಿ ಪರವಾಗಿಲ್ಲ. ಪ್ರಾಕ್ಟಿಕಲ್‌ಗೆ ಇಪ್ಪತ್ತಕ್ಕೆ ಹನ್ನೊಂದು."

"ರೀ ಸ್ವಾಮಿ, ಆ ತಿಂಗಳೆಲ್ಲ ಬೆಳಗ್ಗೆ ಹಾಲು ತರಕ್ಕೆ ಬಾಗಿಲು ತೆಗೆಯೋಕೆ ಜೀವ ಹೋಗ್ತಿತ್ತು ನಮಗೆ!"

"ಅದಕ್ಕೇ ಹನ್ನೊಂದು. ಇಲ್ದಿದ್ರೆ ಒಂಬತ್ತು."

ಕೊನೆಗೆ ಮೊದಲ ರ್ಯಾಂಕೊಂದು ಉಳಿಯಿತು. ಒಂದು ಕಡೆ 'ಜಾಸ್', ಇನ್ನೊಂದು ಕಡೆ 'ಈಗ'. ಹಾಜರಾತಿಯೇ ಇಲ್ಲದ ಶಾರ್ಕು, ಕ್ಷಣವೂ ಕಣ್ಣೆದುರಿನಿಂದ ಕದಲದ ನೊಣ. ಮತಗಳು ಸಮವಾದವು, ಮೇಡಂ ತಮ್ಮ ಮತ ಚಲಾಯಿಸದೆ ಉದ್ದಿನ ವಡೆ ತಿನ್ನುತ್ತಿದ್ದರು. ರಾಯರು ಮಾರನೆಯ ಸಂಜೆ ಮೊಮ್ಮಗನನ್ನು ಎಕ್ಸ್‌ಟರ್ನಲ್ ಎಕ್ಸಾಮಿನರ್ ಎಂದು ಕರೆತಂದರು. ಎರಡನ್ನೂ ನೋಡಿದ ಹುಡುಗ. ಎಲ್ಲರೂ ಅವನ ಬಾಯನ್ನೇ ನೋಡಿದೆವು.

"ಎರಡೂ ಚೆನ್ನಾಗಿವೆ ತಾತ."

"ಚೆನ್ನಾಗಿವೆ ಕಣೋ, ಯಾವುದು ಮೇಲು?"

"ಅದು ಅದರ ಥರ ಚೆನ್ನಾಗಿದೆ, ಇದು ಇದರ ಥರ. ಎಲ್ಲಾನೂ ಚೆನ್ನಾಗೇ ಇರುತ್ತಲ್ಲ?"

ರಾಯರ ಕೈಯ ಲೋಟ ತುಳುಕಿತು. "ನಿಮ್ಮ ಸ್ಕೂಲಲ್ಲಿ ರ್ಯಾಂಕ್ ಕೊಡಲ್ವೇನೋ?" ಎಂದರು. ಗ್ರೇಡ್ ಕೊಡ್ತಾರೆ, ನಮ್ಮ ಕ್ಲಾಸಲ್ಲಿ ಸುಮಾರು ಜನಕ್ಕೆ ಎ ಪ್ಲಸ್ ಎಂದು ಹುಡುಗ ನಿರಾಳವಾಗಿ ಹೇಳಿದ. ಶಾರ್ಕಿಗೆ, ಸಿಂಹಕ್ಕೆ, ಕೆಂಗೇರಿಯ ಚಿರತೆಗೆ ಜಗ್ಗದ ಮನುಷ್ಯ ಆ ಸಂಜೆ ಯಾವುದಕ್ಕೂ ರ್ಯಾಂಕ್ ಕೊಡದೆ, ಅರ್ಧ ಕಾಫಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋದರು.

ನಮಗೆ ಗಾಬರಿಯಾಯಿತು. ಆದರೆ ಮಾರನೆಯ ಸಂಜೆ ರಾಯರು ಎಲ್ಲರಿಗಿಂತ ಮೊದಲೇ ಬಂದು ಟೇಬಲ್ಲು ಹಿಡಿದಿದ್ದರು. ಡೈರಿಯಲ್ಲಿ ಹೊಸ ಪುಟ, ಹೊಸ ಗೆರೆ. ತಲೆಬರಹ: ಮನುಷ್ಯನನ್ನು ಹೆದರಿಸುವ ಮಾತುಗಳು, ಟಾಪ್ ಟೆನ್. 'ನಿಮ್ಮ ಫೈಲ್ ಕಾಣ್ತಿಲ್ಲ' ಮೂರನೇ ರ್ಯಾಂಕು. 'ಮನೆ ಮಾಲೀಕರು ನಿಮ್ಮ ಹತ್ತಿರ ಮಾತಾಡ್ಬೇಕಂತೆ' ಎರಡನೇ ರ್ಯಾಂಕು. ಮೊದಲನೆಯದು, ಆ ಟೇಬಲ್ಲಿನ ಇತಿಹಾಸದಲ್ಲಿ ಒಂದೂ ಆಕ್ಷೇಪವಿಲ್ಲದೆ ಪಾಸಾದ ಮೊಟ್ಟಮೊದಲ ಫಸ್ಟ್ ರ್ಯಾಂಕು: 'ಎಲ್ಲಾನೂ ಚೆನ್ನಾಗೇ ಇರುತ್ತಲ್ಲ?'