ಇಪ್ಪತ್ತು ಸಾಕು ಎನ್ನುವ ಪುಣ್ಯಾತ್ಮ

ಬೆಂಗಳೂರಿನ ಹಳೇ ಸಾಫ್ಟ್‌ವೇರ್ ಆಫೀಸುಗಳಲ್ಲಿ, ಕಿಟಕಿ ಪಕ್ಕದ ಮೂಲೆಯಲ್ಲಿ, ಒಬ್ಬ ಸಿ ಭಾಷೆಯ ಪುಣ್ಯಾತ್ಮ ಸಿಕ್ಕೇ ಸಿಗುತ್ತಾನೆ. ಮೇಜಿನ ಮೇಲೆ ಕರ್ನಿಗನ್ ಮತ್ತು ರಿಚಿ ಬರೆದ ಪುಸ್ತಕದ 1988ರ ಎರಡನೇ ಆವೃತ್ತಿ. ಬೆನ್ನು ಕಿತ್ತುಹೋಗಿ ಟೇಪ್ ಹಚ್ಚಿದ್ದು. ಪೈಥಾನ್ ಅಂದರೆ ಮುಖ ಸಿಂಡರಿಸುತ್ತಾನೆ. ರಸ್ಟ್ ಅಂದರೆ ಎದ್ದು ಕಾಫಿಗೆ ಹೋಗುತ್ತಾನೆ. ಪ್ರೋಗ್ರಾಂ ಬಿದ್ದರೆ "ನನ್ನ ಮಷೀನಲ್ಲಿ ಓಡ್ತಿದೆಯಲ್ರೀ" ಅನ್ನುತ್ತಾನೆ. ನಿಜವಾಗಿಯೂ ಓಡುತ್ತಿರುತ್ತದೆ, ಸಂಕಟ ಅದೇ.

ಮೆಮೊರಿ ವಿಷಯದಲ್ಲಿ ಕೈ ಬಲು ಧಾರಾಳ. ಮ್ಯಾಲಾಕ್ ಮಾಡಿ ಬೇಕಾದಷ್ಟು ತೆಗೆದುಕೊಳ್ಳುತ್ತಾನೆ, ಫ್ರೀ ಮಾಡುವುದಿಲ್ಲ. ಯಾವ ಕಾಲದಲ್ಲೋ ಒಂದೇ ಜಾಗವನ್ನು ಎರಡು ಸಲ ಫ್ರೀ ಮಾಡಿ ಪ್ರೋಗ್ರಾಂ ಸತ್ತಿತ್ತಂತೆ. ಅಂದಿನಿಂದ ಆ ಪದವೇ ಅಪಶಕುನ. "ವಾರಕ್ಕೊಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಎಲ್ಲಾ ವಾಪಸ್ ಬರುತ್ತೆ ಬಿಡ್ರೀ." ಅವನ ಕೋಡಿನ ನಟ್ಟನಡುವೆ ಯಾರಿಗೂ ಬೇಡದ ಒಂದು ಪ್ರಿಂಟ್‌ಎಫ್ ಸಾಲಿದೆ. ಪಕ್ಕದಲ್ಲಿ "ಇದನ್ನು ತೆಗೆಯಬೇಡಿ" ಎಂಬ ಟಿಪ್ಪಣಿ. ತೆಗೆದು ನೋಡಿದ್ದೇವೆ, ಬೀಳುತ್ತದೆ. ಕಾಗದದ ಮೇಲೆ ನಾನು ಅವನ ಮೇಲಧಿಕಾರಿ. ಅಂದರೆ, ಅವನು ಬರೆದದ್ದಕ್ಕೆ ತಿಳಿದವನ ಹಾಗೆ ತಲೆಯಾಡಿಸುವುದು ನನ್ನ ಕೆಲಸ.

ಇದನ್ನೆಲ್ಲ ಸಹಿಸಬಹುದು. ನನ್ನ ಹೊಟ್ಟೆ ಉರಿಸುವುದು ಅವನ ಇಪ್ಪತ್ತು. ಹಳ್ಳಿಯ ಡೈರಿಗಳಲ್ಲಿ ಹಾಲು ಅಳೆದು ಚೀಟಿ ಕೊಡುವ ಯಂತ್ರಕ್ಕೆ ಕೋಡ್ ಬರೆಯುತ್ತಿದ್ದೆವು. ರೈತನ ಹೆಸರಿಗೆ 20 ಬೈಟ್, ಅದರ ಬೆನ್ನಿಗೇ ಅವನಿಗೆ ಕೊಡಬೇಕಾದ ಬಾಕಿ ಹಣ.

"ಸಾರ್, ಇಪ್ಪತ್ತು ಸಾಕಾಗುತ್ತಾ?" ಎಂದಳು ಟೆಸ್ಟಿಂಗ್ ಹುಡುಗಿ.

"ಅಷ್ಟುದ್ದದ ಹೆಸರು ಯಾರಿಟ್ಕೋತಾರಮ್ಮಾ?"

ಅವಳು ಇಂಗ್ಲಿಷ್ ಅಕ್ಷರದಲ್ಲಿ ಲಕ್ಷ್ಮೀನರಸಿಂಹಯ್ಯ ಎಂದು ಟೈಪ್ ಮಾಡಿದಳು. 19 ಅಕ್ಷರ, ಎಲ್ಲ ಸರಿಯಾಗಿತ್ತು. ಆಮೇಲೆ ಸಂಖ್ಯಾಶಾಸ್ತ್ರದವರ ಮಾತು ಕೇಳಿದವಳ ಹಾಗೆ 'ಲಕ್ಷ್ಮಿ'ಯ ಕೊನೆಯ 'ಐ' ಅಳಿಸಿ ಎರಡು 'ಇ' ಹಾಕಿದಳು. 20 ಆಯಿತು. ಬಾಕಿ 300 ರೂಪಾಯಿ ಇದ್ದದ್ದು 256 ಆಗಿ ಕೂತಿತು.

ಸಿ ಭಾಷೆಯಲ್ಲಿ ಸ್ಟ್ರಿಂಗ್ ಮುಗಿಯಿತೆಂದು ತಿಳಿಸಲು ಕೊನೆಯಲ್ಲೊಂದು ಸೊನ್ನೆ ಬೈಟ್ ಬೇಕು. ಇಪ್ಪತ್ತೂ ತುಂಬಿದ ಮೇಲೆ ಆ ಸೊನ್ನೆಗೆ ಜಾಗವೆಲ್ಲಿ? ಹೆಸರನ್ನು ನಕಲು ಮಾಡುವ ಎಸ್‌ಟಿಆರ್‌ಕಾಪಿ ಫಂಕ್ಷನ್ ಯಾರನ್ನೂ ಕೇಳದೆ ಪಕ್ಕದ ಹಣದ ಮೊದಲ ಬೈಟಿನ ಮೇಲೆ ಅದನ್ನು ಕೂರಿಸಿತು. ಆ ಪ್ರೊಸೆಸರ್‌ನಲ್ಲಿ ಸಂಖ್ಯೆಯ ಚಿಲ್ಲರೆ ಭಾಗವೇ ಮೊದಲು ಬರುವುದು. 300 ಅಂದರೆ 256 ಮತ್ತು 44. ಚಿಲ್ಲರೆ 44 ಅಳಿಸಿಹೋಯಿತು. ಬಾಕಿ 250 ಇದ್ದಿದ್ದರೆ ಪೂರಾ ಸೊನ್ನೆ!

"ಮಧ್ಯೆ ಒಂದು ಎನ್ ಹಾಕಿದ್ರೆ ಆಯ್ತು" ಎಂದು ನಮ್ಮ ಪುಣ್ಯಾತ್ಮ ಅದನ್ನು ಎಸ್‌ಟಿಆರ್‌ಎನ್‌ಕಾಪಿ ಮಾಡಿ, ಮಿತಿ 20 ಎಂದು ಬರೆದ. ಹಣ ಉಳಿಯಿತು. ಆದರೆ ಜಾಗ ತುಂಬಿದಾಗ ಈ ಎಸ್‌ಟಿಆರ್‌ಎನ್‌ಕಾಪಿ ಮಹರಾಯ ಕೊನೆಯ ಸೊನ್ನೆಯನ್ನೇ ಇಡುವುದಿಲ್ಲ. ಚೀಟಿ ಅಚ್ಚಾದಾಗ ಲಕ್ಷ್ಮೀನರಸಿಂಹಯ್ಯನವರ ಬಾಲಕ್ಕೊಂದು ಅಲ್ಪವಿರಾಮ ಅಂಟಿಕೊಂಡಿತ್ತು. ಅದೆಲ್ಲಿಂದ ಬಂತೆಂದು ನಾವೆಲ್ಲ ಸಂಜೆಯವರೆಗೆ ತಲೆ ಕೆರೆದುಕೊಂಡೆವು. ಅವನು ಮೆಮೊರಿಯ ಹೆಕ್ಸ್ ಸಾಲುಗಳನ್ನು ಪಂಚಾಂಗ ಓದುವ ಹಾಗೆ ಓದಿ, "ಟೂ ಸಿ ಅಂದ್ರೆ ನಲವತ್ನಾಲ್ಕು, ಆಸ್ಕಿಯಲ್ಲಿ ಕಾಮಾ. ಬಾಕಿ ದುಡ್ಡು ಹೆಸರಿನ ಜೊತೆ ಪ್ರಿಂಟ್ ಆಗ್ತಿದೆ" ಎಂದು ಹೇಳಿ ಕಾಫಿಗೆ ಹೋದ.

ಹೀಗೆ ಓದಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಸರದಿ ಕಾದು, ಟರ್ಬೊ ಸಿಯ ನೀಲಿ ಪರದೆಯ ಮುಂದೆ 640 ಕೆಬಿಯಲ್ಲೇ ಸಂಸಾರ ಮಾಡಿದವನು ಅವನು. ಒಂದೊಂದು ಬೈಟಿಗೂ ವಿಳಾಸವಿದೆ ಎಂಬುದು ಅವನಿಗೆ ಮರೆತಿಲ್ಲ. ನಮಗೆ ಗೊತ್ತೇ ಇರಲಿಲ್ಲ. 2011ರ ಅಕ್ಟೋಬರಿನಲ್ಲಿ ಸ್ಟೀವ್ ಜಾಬ್ಸ್ ತೀರಿಕೊಂಡಾಗ ಆಫೀಸೆಲ್ಲ ಅದೇ ಮಾತು. ಅದೇ ತಿಂಗಳು ಸಿ ಭಾಷೆ ಕಟ್ಟಿದ ಡೆನಿಸ್ ರಿಚಿ ಹೋದದ್ದನ್ನು ನಮಗೆ ಹೇಳಿದವನು ಇವನೊಬ್ಬನೇ. ಜೇಬಿನಲ್ಲಿರುವ ಫೋನು ಯಾರ ಭಾಷೆಯ ಮೇಲೆ ನಿಂತಿದೆ ಎಂದು ಯೋಚಿಸುವ ಪುರುಸೊತ್ತು ನಮಗಾದರೂ ಎಲ್ಲಿ...

ಇರಲಿ, ಹೊಗಳಿದ್ದು ಜಾಸ್ತಿಯಾಯಿತು. ಉದ್ದ ನೋಡದೆ ತುಂಬಿಸುವ ಗೆಟ್ಸ್ ಫಂಕ್ಷನ್ನಿನ ಸಂದಿಯಿಂದಲೂ ನುಸುಳಿ 1988ರಲ್ಲಿ ಮೋರಿಸ್ ವರ್ಮ್ ಎಂಬ ಕಂಪ್ಯೂಟರ್ ಹುಳು ಹರಡಿತು, 2011ರ ಸಿ ಮಾನದಂಡದಿಂದ ಗೆಟ್ಸನ್ನೇ ಕಿತ್ತುಹಾಕಿದರು ಎಂದು ನೆನಪಿಸಿದರೆ, "ಗೆಟ್ಸ್ ಏನ್ ಮಾಡಿತ್ರೀ ಪಾಪ, ಟೈಪ್ ಮಾಡೋರಿಗೆ ಶಿಸ್ತಿಲ್ಲ" ಅನ್ನುವ ಆಸಾಮಿ.

ಕೊನೆಗೆ ಅವನನ್ನು ಮಣಿಸಿದ್ದು ಕನ್ನಡ. ಚೀಟಿ ಕನ್ನಡದಲ್ಲೇ ಬೇಕು ಎಂದು ಡೈರಿಯವರು ಪಟ್ಟುಹಿಡಿದರು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಗುಣಿತದ ಗುರುತು, ಒತ್ತಕ್ಷರದ ಹಲಂತ, ಎಲ್ಲವೂ ಬೇರೆ ಬೇರೆ ಲೆಕ್ಕ. ಬಸಮ್ಮ 15 ಬೈಟಿನಲ್ಲಿ ಮುಗಿದಳು. ಸಿದ್ದಮ್ಮ ಕಣ್ಣಿಗೆ ಮೂರೇ ಅಕ್ಷರ, ಒಳಗೆ 24 ಬೈಟ್. ಹುಡುಗಿ ಏನೂ ಹೇಳದೆ ಪರದೆಯನ್ನು ಅವನ ಕಡೆ ತಿರುಗಿಸಿದಳು. ಮಾರನೇ ದಿನ ಕೋಡಿನಲ್ಲಿ 20 ಇದ್ದ ಕಡೆ 64 ಇತ್ತು. "ಅರವತ್ನಾಲ್ಕು ಸಾಕು" ಎಂದ.

ಅರವತ್ನಾಲ್ಕರಲ್ಲಿ ಕೊನೆಯ ಸೊನ್ನೆ ಕಳೆದರೆ ಕನ್ನಡದ 21 ಚಿಹ್ನೆ ಹಿಡಿಸುತ್ತದೆ. ನಿಮ್ಮ ಹೆಸರು, ತಂದೆಯ ಹೆಸರು, ಊರ ಹೆಸರು ಸೇರಿ ಅದನ್ನು ಮೀರುವುದಾದರೆ, ಡೈರಿಯಲ್ಲಿ ಚೀಟಿ ಕೈಗೆ ಬಂದ ತಕ್ಷಣ ದಯವಿಟ್ಟು ಮೊದಲು ಮೊತ್ತ ನೋಡಿಕೊಳ್ಳಿ.