ವಾಯುಯಾನ ವೈದ್ಯಕೀಯ ಪರೀಕ್ಷಕರಿಗೆ ಬಿನ್ನವತ್ತಳೆ

ಈ ಸಭೆಯ ಶಾಲು, ಹಾರ, ಫಲತಾಂಬೂಲಗಳಿಗೆ ಸರ್ವಥಾ ಅರ್ಹರಾದ ಮಹನೀಯರು ಅಮೆರಿಕದ ವಾಯುಯಾನ ವೈದ್ಯಕೀಯ ಪರೀಕ್ಷಕರು. ಅಲ್ಲಿನ ಪೈಲಟುಗಳ ಬಾಯಲ್ಲಿ ಎಎಂಇ. ಖಾಸಗಿ ಪೈಲಟ್ ಆಗಹೊರಟ ವಿದ್ಯಾರ್ಥಿಯ ಪಕ್ಕದಲ್ಲಿ ಬೋಧಕರು ಕೂತಿರುವಷ್ಟು ದಿನ ಅವನಿಗೆ ಈ ಮಹನೀಯರ ಹಂಗಿಲ್ಲ. ಬೋಧಕರು ಇಳಿದು, ಒಬ್ಬನೇ ಹಾರು ಎಂದ ದಿನ ಮಾತ್ರ ಇವರ ರುಜು ಇಲ್ಲದೆ ಚಕ್ರ ನೆಲ ಬಿಡುವಂತಿಲ್ಲ.

ಇವರ ವಂಶಾವಳಿ ಸಣ್ಣದಲ್ಲ. ಅಮೆರಿಕದ ವಾಣಿಜ್ಯ ಇಲಾಖೆಯ ಏರೋನಾಟಿಕ್ಸ್ ಶಾಖೆಗೆ ಡಾ. ಲೂಯಿಸ್ ಬಾಯರ್ ಮೊದಲ ವೈದ್ಯಕೀಯ ನಿರ್ದೇಶಕರಾದ ಮೇಲೆ, 1927ರಲ್ಲಿ 57 ಖಾಸಗಿ ವೈದ್ಯರ ಮೊದಲ ಪಟ್ಟಿ ಹೊರಬಿತ್ತು. ಇಂದು ನೇಮಿಸುವ ಹಕ್ಕು ಎಫ್‌ಎಎ ಎಂಬ ಫೆಡರಲ್ ವಿಮಾನಯಾನ ಆಡಳಿತದ್ದು, ಸಂಪ್ರದಾಯ ಹಳೆಯದೇ. ಸನ್ಮಾನಿತರಲ್ಲಿ ಬಹುಪಾಲು ಸ್ವಂತ ದವಾಖಾನೆಯ ವೈದ್ಯರು. ಅಧಿಕಾರ ಸರ್ಕಾರದ್ದು, ಫೀಸು ಅವರದು. ಎಷ್ಟು ತೆಗೆದುಕೊಳ್ಳಬೇಕೆಂದು ಸರ್ಕಾರ ಗೊತ್ತುಮಾಡಿಲ್ಲವಾದ್ದರಿಂದ ಫೋನಿನಲ್ಲೇ ಕೇಳಿಕೊಳ್ಳುವುದು ಶಿಷ್ಟಾಚಾರಕ್ಕೆ ವಿರುದ್ಧವಲ್ಲ.

ಹಾರ ಹಾಕಬೇಕಾದರೆ ಮೊದಲು ಕೊರಳು ಸಿಗಬೇಕು. ಎಫ್‌ಎಎ ಜಾಲತಾಣದಲ್ಲಿ ಊರು, ರಾಜ್ಯ, ದೇಶದ ಹೆಸರು ಕೊಟ್ಟರೆ ಪರೀಕ್ಷಕರ ಪಟ್ಟಿ ತೆರೆಯುತ್ತದೆ; ಅಮೆರಿಕದ ಹೊರಗೂ ಇವರಿದ್ದಾರೆ. ಯಾರು ತಾಳ್ಮೆಯವರು, ಯಾರು ತೊಡಕಿನ ಪ್ರಕರಣವನ್ನು ಕೈಗೆತ್ತಿಕೊಳ್ಳುತ್ತಾರೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದು ಫ್ಲೈಯಿಂಗ್ ಸ್ಕೂಲಿನ ಬೋಧಕರಿಗೆ ಗೊತ್ತು. ಖಾಸಗಿ ಪೈಲಟಿಗೆ ಸಾಕಾಗುವ ಮೂರನೇ ದರ್ಜೆಯ ಪ್ರಮಾಣಪತ್ರವನ್ನು ಯಾವ ಪರೀಕ್ಷಕರಾದರೂ ಕೊಡಬಲ್ಲರು. ಮೊದಲ ದರ್ಜೆಯದನ್ನು ಕೊಡುವವರು ಹಿರಿಯ ಪರೀಕ್ಷಕರು ಮಾತ್ರ. ಖಿನ್ನತೆಯ ಮಾತ್ರೆ ನುಂಗುವವರು, ಮದ್ಯದ ಚಟದಿಂದ ಹೊರಬಂದವರು ಇಂಥ ಪ್ರಕರಣಗಳಿಗೆಂದೇ ಇರುವ ‘ಹಿಮ್ಸ್’ ಎಂಬ ತರಬೇತಿ ಪಡೆದ ಪರೀಕ್ಷಕರನ್ನು ಹುಡುಕಬೇಕು.

ಇನ್ನು ಬಿರುದಾವಳಿ. ಇವರು ಅಕ್ಷರಫಲಕಾಧೀಶರು: ಮೂರನೇ ದರ್ಜೆಗೆ ಒಂದೊಂದು ಕಣ್ಣೂ 20/40 ಓದಬೇಕು, ಕನ್ನಡಕ ಹಾಕಿಕೊಂಡಾದರೂ ಸರಿ. ಇವರು ಆರಡಿ ಅಂತರದ ಸಂಭಾಷಣಾಚಾರ್ಯರು: ನಿಶ್ಶಬ್ದ ಕೋಣೆಯಲ್ಲಿ ಆರಡಿ ದೂರದಲ್ಲಿ ಬೆನ್ನು ತಿರುಗಿಸಿ ನಿಂತವನಿಗೆ ಇವರ ಸಾಮಾನ್ಯ ಮಾತು ಕೇಳಿಸಿದರೆ ಕಿವಿ ಪಾಸು. ಇವರು ಮೂತ್ರರಹಸ್ಯಜ್ಞರು: ಸಕ್ಕರೆ, ಪ್ರೋಟೀನು ನೋಡದೆ ಯಾರನ್ನೂ ಬಿಟ್ಟವರಲ್ಲ. ಇವರ ಔದಾರ್ಯಕ್ಕೂ ಸಾಕ್ಷಿಯುಂಟು: ಮೂರನೇ ದರ್ಜೆಗೆ ಮಾಮೂಲಾಗಿ ಇಸಿಜಿ ಬೇಕಿಲ್ಲ; ನಲವತ್ತರೊಳಗಿನವರಿಗೆ ಇವರ ಕಾಗದ 60 ತಿಂಗಳು, ದಾಟಿದವರಿಗೆ 24 ತಿಂಗಳು ನಡೆಯುತ್ತದೆ. ಕೊನೆಯ ತಿಂಗಳ ಕೊನೆಯ ದಿನದವರೆಗೂ ಅದಕ್ಕೆ ಜೀವವಿರುವುದರಿಂದ, ತಿಂಗಳ ಮೊದಲ ವಾರದಲ್ಲಿ ಹೋದ ಜಾಣರಿಗೆ ಕೆಲವು ವಾರಗಳ ಲಾಭ.

ಸನ್ಮಾನಿತರ ಮುಂದೆ ಬರಿಗೈಯಲ್ಲಿ ನಿಲ್ಲುವಂತಿಲ್ಲ. ಮೆಡ್‌ಎಕ್ಸ್‌ಪ್ರೆಸ್ ಎಂಬ ಜಾಲತಾಣದಲ್ಲಿ ಅರ್ಜಿ ತುಂಬಿ, ಅದು ಕೊಡುವ ದೃಢೀಕರಣ ಸಂಖ್ಯೆಯನ್ನು ಒಯ್ಯಬೇಕು. ಈಗ ಸೇವಿಸುತ್ತಿರುವ ಔಷಧಿಗಳು, ಹಿಂದಿನ ಮೂರು ವರ್ಷ ಕಂಡ ವೈದ್ಯರು, ಜೀವಮಾನದಲ್ಲಿ ಎಂದಾದರೂ ಬಂದುಹೋದ ಕಾಯಿಲೆಗಳು ಎಲ್ಲವನ್ನೂ ಅರ್ಜಿ ಕೇಳುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ನೆಗಡಿಗೆಂದು ಊರಿಂದ ತರಿಸಿಕೊಂಡ ಸೆಟಿರಿಜಿನ್ ಕೂಡ ಲೆಕ್ಕಕ್ಕೆ ಸೇರುತ್ತದೆ. ನಿದ್ದೆ ಬರಿಸುವ ಗುಣದಿಂದಾಗಿ ಅದನ್ನು ನುಂಗಿ ಹಾರುವಂತಿಲ್ಲ. ಬೇಕೆಂದೇ ಸುಳ್ಳು ಬರೆದವರಿಗೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ಕಾದಿದೆ.

ಪರೀಕ್ಷೆ ಮುಗಿದ ಮೇಲೆ ಸನ್ಮಾನಿತರ ಕೈಯಲ್ಲಿ ಮೂರು ವರಗಳಿವೆ: ಕೊಡುವುದು, ನಿರಾಕರಿಸುವುದು, ತೀರ್ಮಾನವನ್ನು ಓಕ್ಲಹೋಮ ಸಿಟಿಯ ಎಫ್‌ಎಎ ವೈದ್ಯಕೀಯ ಕಚೇರಿಗೆ ಸಾಗಹಾಕುವುದು. ಆಸ್ತಮಾ, ಮೈಗ್ರೇನ್, ಥೈರಾಯ್ಡ್ ಕೊರತೆ ಹತೋಟಿಯಲ್ಲಿದ್ದು ದಾಖಲೆ ಸರಿಯಾಗಿದ್ದರೆ ಪರೀಕ್ಷಕರೇ ಅಲ್ಲೇ ಕೊಡಬಲ್ಲರು. ಮೂರ್ಛೆರೋಗ, ಹೃದಯಾಘಾತ, ಔಷಧಿ ಬೇಡುವ ಮಧುಮೇಹ ಮುಂತಾದವು ನಿಯಮದಲ್ಲೇ ಅನರ್ಹತೆಗಳು. ಅವುಗಳಲ್ಲೂ ಕೆಲವಕ್ಕೆ ವಿಶೇಷ ಅನುಮತಿ ಸಿಗಬಹುದು. ಅದಕ್ಕೆ ಕಾಗದಪತ್ರವೂ ಕಾಯುವ ಮನಸ್ಸೂ ಬೇಕು.

ಇವರ ಕಣ್ಣುತಪ್ಪಿಸಲು ಒಳದಾರಿ ಹುಡುಕಿದವರೂ ಇವರ ಬಾಗಿಲಿಗೇ ಬರುತ್ತಾರೆ. 2017ರ ಮೇ 1ರಿಂದ ಜಾರಿಯಲ್ಲಿರುವ ಬೇಸಿಕ್‌ಮೆಡ್ ವ್ಯವಸ್ಥೆಯಲ್ಲಿ ಪರವಾನಗಿಯುಳ್ಳ ಯಾವುದೇ ವೈದ್ಯರ ತಪಾಸಣೆ ಸಾಕು. ಆದರೆ 2006ರ ಜುಲೈ 14ರ ನಂತರ ಒಮ್ಮೆಯಾದರೂ ಎಫ್‌ಎಎ ಪ್ರಮಾಣಪತ್ರ ಪಡೆದವರಿಗೆ ಮಾತ್ರ ಆ ದಾರಿ ತೆರೆಯುತ್ತದೆ; ಕೊನೆಯ ಅರ್ಜಿ ನಿರಾಕೃತವಾಗಿದ್ದರೆ ಅದೂ ಮುಚ್ಚುತ್ತದೆ.

ಆದ್ದರಿಂದ ಸನ್ಮಾನಿತರಿಗೆ ನಿಜವಾದ ಗೌರವವೆಂದರೆ ಅರ್ಜಿಗೆ ಮುಂಚಿನ ಸಮಾಲೋಚನೆ. ದೃಢೀಕರಣ ಸಂಖ್ಯೆ ಕೊಟ್ಟು ಪರೀಕ್ಷೆ ಶುರುವಾಯಿತೆಂದರೆ ಪ್ರಕರಣ ಸರ್ಕಾರದ ದಾಖಲೆಗೆ ಸೇರಿತು. ಅರ್ಧದಲ್ಲಿ ಎದ್ದುಬಂದರೂ ಅದು ಅಳಿಸದು. ಅದಕ್ಕೆ ಮುಂಚೆ ಹಳೆಯ ವರದಿಗಳನ್ನು ಮುಂದಿಟ್ಟು ಕೇಳುವ ಸಲಹೆ ಬರೀ ಸಲಹೆ. ಜಾತಕ ತೋರಿಸಿದ ಮೇಲೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವಂತೆ, ಇಲ್ಲಿಯೂ ಮಾತು ಮೊದಲು, ಅರ್ಜಿ ಆಮೇಲೆ. ಹಾರಲು ಹೊರಟವರು ಶಾಲು ತರದಿದ್ದರೂ ನಡೆದೀತು. ಕನ್ನಡಕ, ಔಷಧಿಗಳ ಪಟ್ಟಿ, ಆಸ್ಪತ್ರೆಯ ವರದಿಗಳನ್ನು ಮರೆಯದೆ ತರಬೇಕೆಂದು ಈ ಸಭೆಯ ವಿನಂತಿ.