ವಿನೋಬರ ಬೀದಿಯಲ್ಲೊಂದು ಪಾದಯಾತ್ರೆ

1951ರಲ್ಲಿ ಪೋಚಂಪಳ್ಳಿಯಲ್ಲಿ ಭೂದಾನ ಶುರು ಮಾಡಿದ ವಿನೋಬಾ ಭಾವೆಯವರು ಆಮೇಲೆ ಸುಮಾರು 13 ವರ್ಷ ದೇಶವನ್ನೆಲ್ಲ ನಡೆದೇ ಸುತ್ತಿದರು. ಅವರ ಹೆಸರಿನ ಬಡಾವಣೆಯಲ್ಲಿರುವ ನಾನೂ ನಡೆಯುತ್ತೇನೆ. ಅವರು ಕೈಬೀಸಿ ನಡೆದರು, ನಾನು ಯೆಜ್ಡಿ ಬೈಕು ತಳ್ಳಿಕೊಂಡು ನಡೆಯುತ್ತೇನೆ, ಅಷ್ಟೇ.

ಅಸಲಿಗೆ ನನಗೆ ಹುಚ್ಚು ಹಿಡಿಸಿದ್ದು ಫೋಕ್ಸ್‌ವ್ಯಾಗನ್ ಬೀಟಲ್. ಆಮೆಯಂಥ ಕಾರು, ಎಂಜಿನ್ ಬೆನ್ನಿಗೆ, ಸಾಮಾನು ಮೂತಿಗೆ. ರೇಡಿಯೇಟರ್ ಇಲ್ಲ, ನೀರು ಕುಡಿಸುವ ಗೋಜಿಲ್ಲ, ಗಾಳಿಯಲ್ಲೇ ಆರುವ ಎಂಜಿನ್ನು. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ಹೊರಬೀಳುವ ಹೊತ್ತಿಗೆ ಎರಡು ಕೋಟಿಗೂ ಹೆಚ್ಚು ತಯಾರಾಗಿದ್ದವಂತೆ. ಅದರಲ್ಲಿ ಒಂದರ ಬೆಲೆ ವಿಚಾರಿಸಿದೆ. ಗಾಳಿಯೇ ಬೇಕಾಗಲಿಲ್ಲ, ಅಲ್ಲೇ ತಣ್ಣಗಾದೆ.

ಆಗ ನೆನಪಾದದ್ದು ಹಿತ್ತಲಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಅಪ್ಪನ ಯೆಜ್ಡಿ. ಅದೂ ಗಾಳಿಯಲ್ಲಿ ಆರುವ ಜಾತಿಯೇ. ಮೈಸೂರಿನ ಐಡಿಯಲ್ ಜಾವಾದವರು 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಮಾಡಿ, 1996ರಲ್ಲಿ ಬಾಗಿಲು ಹಾಕಿದರು. ಕಿಕ್ ಹೊಡೆಯುವ ಕೋಲೇ ಮಡಚಿದರೆ ಗೇರ್ ಆಗುವ ಗಾಡಿ ಅದು. ಅಪ್ಪನ ಆರ್‌ಸಿ ಪುಸ್ತಕದಲ್ಲಿ ಈಗಲೂ ಚಿತ್ರದುರ್ಗ ಜಿಲ್ಲೆ ಅಂತಲೇ ಇದೆ. ನಮ್ಮ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಗಾಡಿಗೆ ಆ ಸುದ್ದಿ ಮುಟ್ಟಿಲ್ಲ.

ಬಿಚ್ಚುವುದು ಸುಲಭ, ಒಂದು ಭಾನುವಾರ ಸಾಕು. ಕೂಡಿಸಲು ಹನ್ನೊಂದು ತಿಂಗಳು ಹಿಡಿಯಿತು, ಆಮೇಲೂ ನಾಲ್ಕು ನಟ್ಟು ಮಿಕ್ಕವು. ಸೈಲೆನ್ಸರಿನ ಒಳಗೊಳವೆಗೆ ಕಟ್ಟಿದ ಮಸಿ ಬಿಡಿಸಲು ಬಚ್ಚಲಿನ ಬಕೆಟ್ಟಿನಲ್ಲಿ ಕಾಸ್ಟಿಕ್ ಸೋಡಾ ಕಲಸಿ ಅದ್ದಿಟ್ಟಿದ್ದೆ. ಹೆಂಡತಿ ನೆಲ ಒರೆಸಲು ಯಾರೋ ಸೋಪಿನ ನೀರು ಕಲಸಿಟ್ಟಿದ್ದಾರೆಂದು ಸಂತೋಷಪಟ್ಟಳು. ಅರಿವೆ ಅದ್ದುವ ಮೊದಲೇ ನಾನು ಓಡಿಬಂದದ್ದರಿಂದ ಅವಳ ಕೈ ಉಳಿಯಿತು. "ಈ ಮನೇಲಿ ನೀವು ನೆಲ ಒರೆಸೋಕೆ ನೀರಿಡ್ತೀರಿ ಅಂದ್ಕೊಂಡೆನಲ್ರೀ, ನನ್ನದೇ ತಪ್ಪು" ಅಂದಳು.

ಅಳಿಯ ರಜೆಗೆ ಬಂದವನು, "ಮಾವ, ಇದನ್ನ ಕೆಫೆ ರೇಸರ್ ಮಾಡೋಣ" ಅಂದ. ಹ್ಯಾಂಡಲ್ ಬಗ್ಗಿಸಿ, ಸೀಟು ಕತ್ತರಿಸಿ, ಮೈಗೆಲ್ಲ ಕಪ್ಪು ಬಳಿಯುವುದಂತೆ. ಲಂಡನ್ನಿನ ಹುಡುಗರು ಒಂದು ಕಾಫಿ ಅಂಗಡಿಯಿಂದ ಇನ್ನೊಂದಕ್ಕೆ ಬೈಕು ಓಡಿಸುತ್ತಿದ್ದರಂತೆ. ನಮ್ಮೂರಲ್ಲಿ ರೇಸು ನಡೆಯುವುದು ಬೆಣ್ಣೆ ದೋಸೆ ಹೋಟೆಲ್ಲಿನ ಖಾಲಿಯಾಗುವ ಕುರ್ಚಿಗೆ. ಅದಕ್ಕೆ ಹ್ಯಾಂಡಲ್ ಬಗ್ಗಬೇಕಿಲ್ಲ. ಅಪ್ಪನ ಕೆಂಪು ಬಣ್ಣ ಹಾಗೇ ಉಳಿಯಿತು.

ತಪ್ಪು ಮಾಡಿದ್ದು ಎಣ್ಣೆಯಲ್ಲಿ. ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೆ 40 ಮಿಲಿ. ಹೊಗೆ ನೋಡಿ ಪಕ್ಕದ ಮನೆಯವರು ಒಗೆದ ಬಟ್ಟೆ ಒಳಗೆಳೆದುಕೊಳ್ಳುತ್ತಿದ್ದರು. ನೆರೆಹೊರೆಯ ಪ್ರೀತಿಗೆ 20 ಮಿಲಿಗೆ ಇಳಿಸಿದೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಹರಿಹರದ ಹತ್ತಿರ ಎಂಜಿನ್ 'ಗಕ್' ಅಂದು, ಹಿಂದಿನ ಚಕ್ರ ಹಿಡಿದುಕೊಂಡು, ಪಿಸ್ಟನ್ ಸೀಜ್ ಆಯಿತು. ಸಿಲಿಂಡರಿನ ಸುತ್ತ ಅಷ್ಟೊಂದು ರೆಕ್ಕೆ ಇಟ್ಟಿದ್ದರೂ ನಮ್ಮ ಕಡೆಯ ಗಾಳಿ ಅದಕ್ಕೆ ಬೀಸಣಿಗೆಯಾಗಲಿಲ್ಲ, ಒಲೆ ಊದಿತು.

ಅದೃಷ್ಟಕ್ಕೆ ಕೆಟ್ಟದ್ದು ಹರಿಹರದಲ್ಲಿ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡತೊಡಗಿದ್ದರಿಂದ, ಕಾರ್ಖಾನೆ ಮುಚ್ಚಿದರೂ ಊರಲ್ಲಿ ಕಬ್ಬಿಣ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಅಂಥ ಒಬ್ಬ ನಿವೃತ್ತ ಟರ್ನರ್ ಸಿಕ್ಕರು. ಸಿಲಿಂಡರನ್ನು ಪೆಟ್ರೋಲಿನಲ್ಲಿ ತೊಳೆದು, ಒಳಗೆ ತೋರುಬೆರಳಿಟ್ಟು, ಕಣ್ಣು ಮುಚ್ಚಿ ಒಂದು ಸುತ್ತು ತಿರುಗಿಸಿದರು. ಗೀರು ಬಿದ್ದಲ್ಲಿ ಬೆರಳು ನಿಂತಿತು. ಮೈಕ್ರೋಮೀಟರ್ ಆಮೇಲೆ ಬಂತು, ಬೆರಳು ಹೇಳಿದ್ದನ್ನೇ ಹೇಳಿತು. ಬೋರ್ ಮಾಡಿಕೊಟ್ಟು, ಗಾಡಿಯ ಹೊಳಪನ್ನೊಮ್ಮೆ ನೋಡಿ ಅಂದರು: "ನಿಮ್ಮಪ್ಪಾರು ಇದನ್ನ ಓಡಿಸ್ತಿದ್ರು, ನೀವು ಒರೆಸ್ತೀರಿ."

ಆಮೇಲೂ ಅದು ಹೊರಟಾಗ ಹೊರಡುತ್ತದೆ, ನಿಂತಾಗ ನಿಲ್ಲುತ್ತದೆ. ಹೋದ ವಾರ ದೋಸೆ ತಿಂದು ಬಂದು ಇಪ್ಪತ್ತು ಕಿಕ್ ಹೊಡೆದೆ. ತಿಂದ ಬೆಣ್ಣೆ ಕರಗಿತು, ಗಾಡಿ ಕರಗಲಿಲ್ಲ. ತಳ್ಳತೊಡಗಿದೆ. ವಿನೋಬನಗರದ ತಿರುವಿನಲ್ಲಿ ಹಿರಿಯರೊಬ್ಬರು ಜೊತೆಯಾದರು. ತಮ್ಮ ಕಾಲದ ಜಾವಾ, ಅದರಲ್ಲಿ ಹೆಣ್ಣು ನೋಡಲು ಹೋದದ್ದು, ಎಲ್ಲ ಹೇಳುತ್ತ ಹಿಂದಿನಿಂದ ಒಂದು ಕೈ ಕೊಟ್ಟರು. ನಮ್ಮ ಮನೆಯ ಗೇಟು ಬಂದಾಗ ಬಗ್ಗಿ ಟ್ಯಾಂಕಿನ ಕೆಳಗೆ ನೋಡಿ, ಪೆಟ್ರೋಲ್ ಕಾಕ್ ತಿರುಗಿಸಿದರು. ಸೋರುತ್ತದೆಂದು ಹೋಟೆಲ್ ಮುಂದೆ ನಾನೇ ಬಂದ್ ಮಾಡಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಒಂದು ಕಿಕ್ ಹೊಡೆದರು. ಎರಡೂ ಸೈಲೆನ್ಸರ್ ಹೊಗೆ ಕಾರಿ ಗುಡುಗಿದವು.

ಹೆಂಡತಿ ತಲೆಗೂದಲು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. ನನ್ನನ್ನು ನೋಡಿ ಮುಖ ಇಳಿಯಿತು.

"ನೀವಾ? ಗಾಡಿ ಸದ್ದು ಕೇಳಿ, ಯಾರೋ ನೆಂಟರು ಬಂದ್ರು ಅಂದ್ಕೊಂಡೆ."